ಪ್ರಾಜೆಕ್ಟ್ ಎಷ್ಟಾಯ್ತು? ಎಣಿಸಿ ಹೇಳಿ

ಸಾಫ್ಟ್‌ವೇರ್ ಟೀಮಿನ ಸೋಮವಾರದ ಮೀಟಿಂಗಿನಲ್ಲಿ ‘ಎಷ್ಟಾಯ್ತು?’ ಅಂತ ಕೇಳಿದರೆ ‘90 ಪರ್ಸೆಂಟ್ ಮುಗೀತು ಸರ್’ ಅನ್ನುತ್ತಾರೆ. ಮುಂದಿನ ಸೋಮವಾರವೂ ಅದೇ 90. ಯಾರೂ ಸುಳ್ಳು ಹೇಳುತ್ತಿಲ್ಲ. ಉಳಿದ 10ರಲ್ಲಿ ಏನೇನಿದೆ ಅಂತ ಯಾರಿಗೂ ಕಾಣುತ್ತಿಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ 1980ರ ದಶಕದಲ್ಲೇ ಇದನ್ನು ತಮಾಷೆಯಾಗಿ ಹೇಳಿದ್ದರು: ಮೊದಲ 90 ಪರ್ಸೆಂಟ್ ಕೋಡ್ 90 ಪರ್ಸೆಂಟ್ ಸಮಯ ತಿನ್ನುತ್ತದೆ, ಉಳಿದ 10 ಇನ್ನೊಂದು 90 ತಿನ್ನುತ್ತದೆ.

ಹಾಗಾಗಿ ಮೊದಲು ಪರ್ಸೆಂಟ್ ಬಿಡಿ. ಎರಡು-ಮೂರು ದಿನದಲ್ಲಿ ಮುಗಿಯುವಂಥ ತುಂಡುಗಳಾಗಿ ಕೆಲಸ ಒಡೆಯಿರಿ. ‘ಲಾಗಿನ್’ ಅಂತ ಒಂದೇ ಸಾಲು ಬರೆಯಬೇಡಿ. ಒಟಿಪಿ ಕಳಿಸುವುದು ಒಂದು, ತಪ್ಪು ಒಟಿಪಿ ತಡೆಯುವುದು ಇನ್ನೊಂದು. ಕೋಡ್ ಬರೆದು, ಇನ್ನೊಬ್ಬರು ನೋಡಿ, ಟೆಸ್ಟ್ ಪಾಸಾದರೆ 1. ಇಲ್ಲದಿದ್ದರೆ 0. ಅರ್ಧ ಬೇಡವೇ ಬೇಡ.

ಪ್ರತಿ ಶುಕ್ರವಾರ ಎರಡು ಸಂಖ್ಯೆ ಬರೆದಿಡಿ: ಮುಗಿದದ್ದೆಷ್ಟು, ಹೊಸದಾಗಿ ಸೇರಿದ್ದೆಷ್ಟು. ಎರಡನೆಯದನ್ನು ಎಷ್ಟೋ ಜನ ಬರೆಯುವುದೇ ಇಲ್ಲ. ಎಡವಟ್ಟಾಗುವುದು ಅಲ್ಲೇ.

ಒಂದು ಲೆಕ್ಕ ನೋಡೋಣ. ಶುರುವಿನಲ್ಲಿ 40 ಕೆಲಸ. ಆರು ವಾರದಲ್ಲಿ ಮುಗಿದದ್ದು 3, 5, 2, 6, 4, 4. ಒಟ್ಟು 24. ಅದೇ ವಾರಗಳಲ್ಲಿ ಸೇರಿದ್ದು 0, 4, 1, 3, 2, 2. ಒಟ್ಟು 12. ಈಗ ಉಳಿದದ್ದು 28. ವಾರಕ್ಕೆ 4 ಮುಗಿಯುತ್ತಿದೆ, ಹಾಗಾದರೆ 7 ವಾರ ಸಾಕು ಅಂದುಬಿಡುತ್ತೇವೆ. ಆದರೆ ವಾರಕ್ಕೆ 2 ಸೇರುತ್ತಲೂ ಇದೆ, ಅಲ್ವಾ? ಕರಗುತ್ತಿರುವುದು 2 ಮಾತ್ರ. ಬೇಕಾಗುವುದು 14 ವಾರ! ಗ್ರಾಫ್ ಹಾಳೆಯಲ್ಲಿ ಒಟ್ಟು ಕೆಲಸಕ್ಕೊಂದು ಗೆರೆ, ಮುಗಿದದ್ದಕ್ಕೊಂದು ಗೆರೆ ಹಾಕಿ, ಎರಡನ್ನೂ ಮುಂದಕ್ಕೆ ಎಳೆಯಿರಿ. ಅವು ಕೂಡುವ ಕಡೆ ಮುಗಿಯುವ ವಾರ ಕಾಣುತ್ತದೆ. ಇದೇ ಬರ್ನ್‌ಅಪ್ ಚಾರ್ಟ್.

ಆ 14 ಕೂಡ ಬರೀ ಸರಾಸರಿ. ಇನ್ನೂ ಗಟ್ಟಿ ಉತ್ತರ ಬೇಕಿದ್ದರೆ ಒಂದು ಸ್ಟೀಲ್ ಡಬ್ಬಿ ತಗೊಳ್ಳಿ. ಪ್ರತಿ ವಾರ ಮುಗಿದದ್ದರಲ್ಲಿ ಸೇರಿದ್ದನ್ನು ಕಳೆದು, ಚೀಟಿಗಳಲ್ಲಿ ಬರೆದು ಹಾಕಿ: 3, 1, 1, 3, 2, 2. ಒಂದು ಎತ್ತಿ, ಬರೆದುಕೊಂಡು, ವಾಪಸ್ ಹಾಕಿ, ಡಬ್ಬಿ ಅಲ್ಲಾಡಿಸಿ ಮತ್ತೆ ಎತ್ತಿ. ಕೂಡುತ್ತಾ 28 ಮುಟ್ಟಲು ಎಷ್ಟು ಸಲ ಎತ್ತಿದಿರೋ ಅಷ್ಟು ವಾರ. ಹೀಗೆ 20 ಸುತ್ತು ಮಾಡಿ, ಉತ್ತರಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ. 17ನೆಯದನ್ನು ಗ್ರಾಹಕರಿಗೆ ಹೇಳಿ. 20ರಲ್ಲಿ 17 ಸುತ್ತು ಅಷ್ಟರೊಳಗೇ ಮುಗಿದಿವೆ. ಕಂಪ್ಯೂಟರ್ ಇದನ್ನೇ ಸಾವಿರಾರು ಸಲ ಮಾಡಿದರೆ ಅದು ಮಾಂಟೆ ಕಾರ್ಲೊ ಸಿಮ್ಯುಲೇಶನ್.

ದಯವಿಟ್ಟು ಈ ಸಂಖ್ಯೆಗಳಿಂದ ಒಬ್ಬೊಬ್ಬರ ಕೆಲಸ ಅಳೆಯಬೇಡಿ. ಅಳೆದರೆ ಜನ ಕೆಲಸವನ್ನು ಸುಮ್ನೆ ಚೂರು ಮಾಡಿ ಎಣಿಕೆ ಏರಿಸುತ್ತಾರೆ, ಲೆಕ್ಕವೇ ಹಾಳು. ಪ್ರತಿ ಶುಕ್ರವಾರ ಹೊಸ ಚೀಟಿ ಹಾಕಿ. ಟೀಮ್ ಬದಲಾದರೆ ಹಳೆಯ ಚೀಟಿಗಳನ್ನು ತೆಗೆದು ಹೊಸದಾಗಿ ಶುರು ಮಾಡಿ.