ಕಡಲೆಕಾಯಿ ಬಿಡಿಸುತ್ತಾ ಎಣಿಕೆ: ಚಿತ್ರಪುಸ್ತಕ ಮಾಡಿದ ನನ್ನ ಅನುಭವ

ಬೆಂಗಳೂರಿನ ಬಸವನಗುಡಿಯ ಸಮೀಪ ನಾನು ನಡೆಸುವ ಚಿಕ್ಕ ಶಿಶುವಿಹಾರಕ್ಕೆ ಬರುವ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚಿನವರು, ಸೇರುವ ಹೊತ್ತಿಗೇ ಒಂದರಿಂದ ಹತ್ತರವರೆಗೆ ಪಟಪಟನೆ ಹೇಳಬಲ್ಲವರಾಗಿರುತ್ತಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳು ತಮ್ಮ ತಮ್ಮ ಭಾಷೆಯಲ್ಲಿ ಅಷ್ಟೇ ಸಲೀಸಾಗಿ ಹೇಳುತ್ತಾರೆ. ಆದರೆ ಮುಂದಿರುವ ಹುಣಸೆಬೀಜದ ರಾಶಿಯಿಂದ ಮೂರನ್ನು ಮಾತ್ರ ತೆಗೆದುಕೊಡು ಎಂದರೆ, ಅದೇ ಮಗು ಒಂದು ಹಿಡಿ ಬಾಚಿ ಕೊಡುತ್ತದೆ. ಬಾಯಿಪಾಠಕ್ಕೂ ಎಣಿಕೆಗೂ ನಡುವೆ ಇರುವ ಈ ದೂರವನ್ನು ಆಟದ ಮೂಲಕ ದಾಟಿಸಬೇಕೆಂದೇ ನಾನು ಚಿತ್ರಪುಸ್ತಕಗಳನ್ನು ಮಾಡತೊಡಗಿದೆ.

ಅಂಗಡಿಯಲ್ಲಿ ಸಿಗುವ ಎಣಿಕೆಯ ಪುಸ್ತಕಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ಎಡಪುಟದಲ್ಲಿ ದೊಡ್ಡದಾಗಿ 5, ಬಲಪುಟದಲ್ಲಿ ಐದು ಮಾವಿನಹಣ್ಣು. ಉತ್ತರ ಮೊದಲೇ ಕಣ್ಣಿಗೆ ಬಿದ್ದ ಮೇಲೆ ಮಗು ಎಣಿಸುವುದಾದರೂ ಏಕೆ? ನನ್ನ ಪುಸ್ತಕಗಳಲ್ಲಿ ಚಿತ್ರ ಮೊದಲು, ಅಂಕಿ ಆಮೇಲೆ ಎಂಬುದನ್ನು ನಿಯಮವಾಗಿಟ್ಟುಕೊಂಡೆ.

ಚಿತ್ರಗಳನ್ನು ಪುಟದಲ್ಲಿ ಹೇಗೆ ಕೂರಿಸಬೇಕೆಂಬುದಕ್ಕೆ ಮನೋವಿಜ್ಞಾನಿಗಳಾದ ರೋಚೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ 1978ರಲ್ಲಿ ವಿವರಿಸಿದ ಎಣಿಕೆಯ ತತ್ತ್ವಗಳು ನನಗೆ ಬಹಳ ನೆರವಾದವು. ಪ್ರತಿ ವಸ್ತುವಿಗೂ ಒಂದೇ ಒಂದು ಸಂಖ್ಯೆ ಸಲ್ಲಬೇಕು, ಸಂಖ್ಯೆಗಳ ಸರದಿ ಬದಲಾಗಬಾರದು, ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ, ಯಾವ ವಸ್ತುವನ್ನಾದರೂ ಎಣಿಸಬಹುದು, ಯಾವ ತುದಿಯಿಂದ ಎಣಿಸಿದರೂ ಮೊತ್ತ ಒಂದೇ ಎಂಬ ಐದು ತಿಳಿವುಗಳಲ್ಲಿ, ನನ್ನ ಮಕ್ಕಳು ಹೆಚ್ಚಾಗಿ ತಡವರಿಸುವುದು ಮೊದಲನೆಯದರಲ್ಲಿ ಮತ್ತು ಮೂರನೆಯದರಲ್ಲಿ. ಬೆರಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬಾಯಿ ಎರಡು ಸಂಖ್ಯೆ ಮುಂದೆ ಓಡಿರುತ್ತದೆ. ಆದ್ದರಿಂದ ಪ್ರತಿ ಚಿತ್ರವೂ ಮಗುವಿನ ಬೆರಳ ತುದಿಗಿಂತ ದೊಡ್ಡದಾಗಿರುವಂತೆಯೂ, ಚಿತ್ರಗಳ ನಡುವೆ ಎರಡು ಬೆರಳಷ್ಟಾದರೂ ಖಾಲಿ ಜಾಗ ಇರುವಂತೆಯೂ ಬರೆಯುತ್ತೇನೆ. ಅಂದಕ್ಕೆಂದು ಸುತ್ತಲೂ ಹೂಬಳ್ಳಿ ಬರೆದರೆ ಮಕ್ಕಳು ಆ ಹೂಗಳನ್ನೂ ಸೇರಿಸಿ ಎಣಿಸುತ್ತಾರೆ; ಅವರ ದೃಷ್ಟಿಯಿಂದ ಅದು ಸರಿಯೇ.

ಮಕ್ಕಳು ಅತಿ ಹೆಚ್ಚು ಕೇಳಿ ಪಡೆಯುವುದು ಕಡಲೆಕಾಯಿ ಪುಸ್ತಕವನ್ನು. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆ ನಮ್ಮ ಬಡಾವಣೆಯ ಮಕ್ಕಳಿಗೆಲ್ಲ ಗೊತ್ತಿರುವುದರಿಂದ, ವಸ್ತುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಲಿಲ್ಲ. ಉದ್ದನೆಯ ದಪ್ಪ ಕಾಗದವನ್ನು ಹಿಂದುಮುಂದಾಗಿ ಮಡಿಸಿ, ಪ್ರತಿ ಮಡಿಕೆಯ ಮೇಲೂ ಒಂದೊಂದು ಕಡಲೆಕಾಯಿಯ ಚಿತ್ರ ಬರೆದು, ನೋಟ್‌ಬುಕ್ಕಿಗೆ ಬೈಂಡ್ ಹಾಕುವ ಕಂದು ಹಾಳೆಯಿಂದ ಅದರ ಸಿಪ್ಪೆಯನ್ನು ಕತ್ತರಿಸಿ, ಮೇಲಂಚಿಗೆ ಮಾತ್ರ ಅಂಟು ಹಚ್ಚಿ ಕೂರಿಸಿದ್ದೇನೆ. ಸಿಪ್ಪೆ ಎತ್ತುವ ಮೊದಲು ಮಗು ಒಳಗೆ ಎಷ್ಟು ಬೀಜವಿದೆಯೆಂದು ಊಹಿಸಬೇಕು. ಕಾಯಿ ಎಷ್ಟು ಉದ್ದವಿದೆ, ಎಲ್ಲೆಲ್ಲಿ ಉಬ್ಬಿದೆ ಎಂಬುದೇ ಸುಳಿವು. ಎತ್ತಿದರೆ ಒಂದು, ಎರಡು, ಮೂರು ಅಥವಾ ನಾಲ್ಕು ಬೀಜ. ಅಂಕಿ ಸಿಪ್ಪೆಯ ಒಳಮೈಯಲ್ಲಿ ಇರುತ್ತದೆ. ನಾಲ್ಕಕ್ಕೆ ನಿಲ್ಲಿಸಿದ್ದಕ್ಕೆ ಕಾರಣವಿದೆ: ಅಷ್ಟರವರೆಗಿನ ಗುಂಪನ್ನು ಎಣಿಸದೆ ಒಂದೇ ನೋಟದಲ್ಲಿ ಗುರುತಿಸುವ ಶಕ್ತಿ ಮನುಷ್ಯರಿಗಿದೆ, ಮತ್ತು ಈ ನೋಟವೂ ಎಣಿಕೆಯೂ ಒಂದೇ ಉತ್ತರ ಕೊಡುತ್ತವೆಂದು ಮಗು ಕಂಡುಕೊಂಡರೆ ಮುಂದಿನ ದಾರಿ ಸುಗಮವಾಗುತ್ತದೆ.

ಕೊನೆಯ ಕಾಯಿ ಜೊಳ್ಳು. ಸಿಪ್ಪೆ ಎತ್ತಿದರೆ ಏನೂ ಇಲ್ಲ, ಒಳಮೈಯಲ್ಲಿ ದುಂಡಗೆ ಒಂದು 0. ಸೊನ್ನೆಯನ್ನು ಬೇರೆ ಪಾಠವಾಗಿ ಕಲಿಸುವ ಗೋಜಿಗೆ ನಾನು ಹೋಗಿಲ್ಲ. ಮೋಸ ಹೋದ ಖುಷಿಯಲ್ಲಿ ಮಕ್ಕಳು ಆ ಪುಟವನ್ನು ಮತ್ತೆ ಮತ್ತೆ ತೆರೆಸುತ್ತಾರೆ.

ಹತ್ತರವರೆಗಿನ ಎಣಿಕೆಗೆ ಇರುವುದು ಬೆಕ್ಕಿನ ಪುಸ್ತಕ. ಗಾಂಧಿಬಜಾರಿನ ಹೂವು, ತರಕಾರಿ, ಬಾಳೆಹಣ್ಣಿನ ಅಂಗಡಿಗಳಲ್ಲಿ ಓಡಾಡುವ ಈ ಬೆಕ್ಕಿಗೆ ಎಣಿಸುವ ಚಪಲ ಬಹಳ, ಎಣಿಕೆ ಮಾತ್ರ ಬರುವುದಿಲ್ಲ. ಒಂದು ನಿಂಬೆಹಣ್ಣನ್ನು ಬಿಟ್ಟುಬಿಡುತ್ತದೆ, ಒಂದು ಬದನೆಕಾಯಿಯನ್ನು ಎರಡು ಸಲ ಮುಟ್ಟುತ್ತದೆ. ನಾನು ಬೆಕ್ಕಿನ ದನಿಯಲ್ಲಿ ಗಂಭೀರವಾಗಿ ಓದುತ್ತಿದ್ದರೆ, ತಾನಾಗಿ ಎಣಿಸಲು ಎಂದೂ ಮುಂದೆ ಬಾರದ ಮಗುವೂ, "ಮಿಸ್, ಬೆಕ್ಕಿಗೆ ಎಣಿಸೋಕೇ ಬರಲ್ಲ! ಇದನ್ನ ಆಗಲೇ ಹೇಳ್ತು!" ಎಂದು ಪುಟದ ಮೇಲೆ ಬೆರಳಿಡುತ್ತದೆ. ಗೊಂಬೆಯೊಂದು ತಪ್ಪಾಗಿ ಎಣಿಸಿದಾಗ, ತಾವೇ ಸರಿಯಾಗಿ ಎಣಿಸಲಾರದಷ್ಟು ದೊಡ್ಡ ಗುಂಪಿನಲ್ಲೂ ಪುಟ್ಟ ಮಕ್ಕಳು ಆ ತಪ್ಪನ್ನು ಹಿಡಿಯುತ್ತಾರೆಂದು ಗೆಲ್ಮನ್ ಮತ್ತು ಮೆಕ್ 1983ರಲ್ಲಿ ತೋರಿಸಿದ್ದರು. ಬೆಕ್ಕನ್ನು ಕರೆತರಲು ಅದೇ ನನಗೆ ಧೈರ್ಯ ಕೊಟ್ಟಿತು. ಬೆಕ್ಕು ಎಣಿಸಿ ಮುಗಿಸಿದ ಮೇಲೆ, "ಹಾಗಾದರೆ ಒಟ್ಟು ಎಷ್ಟು?" ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ಮತ್ತೆ ಒಂದರಿಂದ ಶುರುಮಾಡುವ ಮಗುವಿಗೆ ಮೂರನೆಯ ತತ್ತ್ವ ಇನ್ನೂ ದಕ್ಕಿಲ್ಲವೆಂದು ತಿಳಿದುಕೊಂಡು, ಆ ಮಗುವನ್ನು ಕಡಲೆಕಾಯಿ ಪುಸ್ತಕಕ್ಕೆ ಹಿಂದಿರುಗಿಸುತ್ತೇನೆ.

ಬೆಕ್ಕಿನ ಪುಸ್ತಕವನ್ನು ಮುದ್ರಿಸಿಕೊಂಡಿದ್ದೇನೆ. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲೇ ಇರಬೇಕಾದ್ದರಿಂದ 24 ಪುಟಗಳನ್ನು ಆರಿಸಿಕೊಂಡೆ: ಮೊದಲ ಪುಟ ಶೀರ್ಷಿಕೆಗೆ, ಅಲ್ಲಿಂದ ಹತ್ತು ಜೋಡಿಪುಟಗಳು ಹತ್ತು ಅಂಗಡಿಗಳಿಗೆ, 22 ಮತ್ತು 23ನೆಯ ಪುಟಗಳಲ್ಲಿ ಬೆಲೆಚೀಟಿಗಳ ಹಾಗೆ ತೂಗುಬಿದ್ದ 1ರಿಂದ 10ರವರೆಗಿನ ಅಂಕಿಗಳು. ಐದನ್ನು ದಾಟಿದ ಅಂಗಡಿಗಳಲ್ಲಿ ಐದು ವಸ್ತುಗಳು ಎಡಪುಟದಲ್ಲಿ, ಉಳಿದವು ಬಲಪುಟದಲ್ಲಿ. ಒಂದು ಕೈಯ ಬೆರಳಿನ ಲೆಕ್ಕ ಇಲ್ಲಿಗೆ ನೇರವಾಗಿ ಹೊಂದುತ್ತದೆ. ಯಾವ ಚಿತ್ರವೂ ನಡುವಿನ ಮಡಿಕೆಗೆ ಸಿಕ್ಕದಂತೆ ನೋಡಿಕೊಳ್ಳಬೇಕು, ಏಕೆಂದರೆ ಎರಡು ಪುಟಕ್ಕೆ ಹರಿದು ಹಂಚಿದ ಒಂದು ಕುಂಬಳಕಾಯಿ ಮಗುವಿಗೆ ಎರಡಾಗುತ್ತದೆ. ಕಾಗದವನ್ನು ಅವೆನ್ಯೂ ರಸ್ತೆಯಿಂದ ತಂದೆ. ಹೊಳಪಿನ ಕಾಗದ ದೀಪದ ಬೆಳಕಿಗೆ ಕಣ್ಣು ಕುಕ್ಕುವುದರಿಂದ ಹೊಳಪಿಲ್ಲದ್ದೇ ಮೇಲು. ಚಿತ್ರ ಬರೆಯಲು ಬಾರದವರು ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಚಿತ್ರಪುಸ್ತಕಗಳನ್ನು ಪಡೆದು, ಕಲಾವಿದರ ಹೆಸರು ಉಳಿಸಿಕೊಂಡು ಬಳಸಬಹುದು.

ನೂರರವರೆಗಿನ ಪುಸ್ತಕ ಯಾವಾಗ ಎಂದು ತಂದೆತಾಯಂದಿರು ಕೇಳುತ್ತಲೇ ಇರುತ್ತಾರೆ. ಮಕ್ಕಳಿಗೆ ಓದು, ಬರಹ, ಲೆಕ್ಕದ ಬುನಾದಿ ಹಾಕಲು ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮವೂ ಬಾಲವಾಟಿಕೆಯ, ಅಂದರೆ ಒಂದನೆಯ ತರಗತಿಗೆ ಮುಂಚಿನ ವರ್ಷದ, ಮಕ್ಕಳಿಗೆ ಹತ್ತರವರೆಗಿನ ಅಂಕಿಗಳನ್ನು ಗುರುತಿಸುವುದನ್ನೇ ಗುರಿಯಾಗಿಟ್ಟಿದೆಯೆಂದು ಅವರಿಗೆ ತಿಳಿಸಿ, ಪುಸ್ತಕದ ಜೊತೆಗೆ ಹುಣಸೆಬೀಜದ ಪೊಟ್ಟಣವೊಂದನ್ನು ಮನೆಗೆ ಕಳಿಸುತ್ತೇನೆ. ನಾಲ್ಕು ಬೀಜ ಕೇಳಿದರೆ ನಾಲ್ಕನ್ನೇ, ಏಳು ಕೇಳಿದರೆ ಏಳನ್ನೇ ಮಗು ತೆಗೆದುಕೊಡುವವರೆಗೂ ಮುಂದಿನ ಪುಸ್ತಕ ಕೊಡುವುದಿಲ್ಲ.