ನಿಂತಾಗ ಮಾತ್ರ ಕಾರು ಬಿಸಿ: ಹೆಡ್ ಇಳಿಸುವ ಮೊದಲು ಫ್ಯಾನ್ ಸ್ವಿಚ್ ನೋಡಿ

ಹಳೆ ಪೆಟ್ರೋಲ್ ಕಾರು. ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಅರ್ಧ ದಾಟುವುದಿಲ್ಲ, ಟ್ರಾಫಿಕ್‌ನಲ್ಲಿ ನಿಂತರೆ ಕೆಂಪಿಗೆ ಏರುತ್ತದೆ. ಕೂಲಂಟ್ ಬದಲಿಸಿ, ರೇಡಿಯೇಟರ್ ಫ್ಲಶ್ ಮಾಡಿಸಿ, ಹೊಸ ಥರ್ಮೋಸ್ಟಾಟ್ ಹಾಕಿಸಿದರೂ ಅದೇ ಕಥೆ. ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್ ಕೆಳಗಿನ ಸೀಲ್) ಹೋಗಿದೆ ಅಂದರು. ಆದರೆ ಅದರ ಲಕ್ಷಣಗಳಿಲ್ಲ: ಆಯಿಲ್ ಕ್ಯಾಪ್ ಒಳಗೆ ಹಾಲುಬಣ್ಣದ ಜಿಡ್ಡಿಲ್ಲ, ರೇಡಿಯೇಟರ್‌ನಲ್ಲಿ ಗುಳ್ಳೆಯಿಲ್ಲ. ಓಡುವಾಗ ಎದುರುಗಾಳಿಯೇ ರೇಡಿಯೇಟರ್ ತಂಪು ಮಾಡುತ್ತದೆ, ನಿಂತಾಗ ಫ್ಯಾನೇ ಬೇಕು. ಹಾಗಾಗಿ ಓಡುವಾಗ ಸರಿಯಿದ್ದು ನಿಂತಾಗ ಕಾಯ್ದರೆ ಮೊದಲ ಅನುಮಾನ ಫ್ಯಾನ್ ಮೇಲೆ.

ಫ್ಯಾನಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟರೆ ತಿರುಗಿತು, ಮೋಟಾರ್ ಸರಿ. ಫ್ಯೂಸೂ ಸರಿ. ಫ್ಯಾನಿಗೆ ಕರೆಂಟ್ ಹರಿಸುವ ರಿಲೇ ಜಾಗಕ್ಕೆ ಅದೇ ನಂಬರಿನ ಹಾರ್ನ್ ರಿಲೇ ಹಾಕಿ ನೋಡಿದರೂ ಬದಲಾವಣೆಯಿಲ್ಲ. ಉಳಿದದ್ದು ರೇಡಿಯೇಟರ್‌ಗೆ ತಿರುಪಿರುವ ಎರಡು ಪಿನ್ನಿನ ಥರ್ಮೋ ಸ್ವಿಚ್, ಅಂದರೆ ಕೂಲಂಟ್ ಕಾದಾಗ ಫ್ಯಾನ್ ಆನ್ ಮಾಡುವ ಸ್ವಿಚ್. ಇಗ್ನಿಷನ್ ಆನ್ ಮಾಡಿ, ಅದರ ಕನೆಕ್ಟರ್ ಕಳಚಿ ಕನೆಕ್ಟರಿನ ಎರಡೂ ತುದಿಗೆ ತುಂಡು ವೈರ್ ಸೇರಿಸಿದ ಕೂಡಲೇ ಫ್ಯಾನ್ ಓಡಿತು. ಅಂದರೆ ಕೆಟ್ಟಿದ್ದು ಸ್ವಿಚ್ಚೇ. ಫ್ಯಾನಿನಿಂದ ಬೆರಳು ದೂರವಿರಲಿ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಫ್ಯಾನ್ ನಡೆಸುವ ಕಾರಿನಲ್ಲಿ ಈ ಪರೀಕ್ಷೆ ಬೇಡ, ಅಲ್ಲಿರುವುದು ಸೆನ್ಸರ್.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೊಸ ಸ್ವಿಚ್ಚನ್ನು ಹೊಸ ವಾಷರ್ ಸಮೇತ ಕೂರಿಸಿ. ಮೇಲೆ ಕೊರೆದ ಡಿಗ್ರಿ ಹಳೆಯದರಷ್ಟೇ ಇರಬೇಕು. ಕೂಲಂಟ್, ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತುಂಬಿ. ಎಸಿ ಆಫ್, ಹೀಟರ್ ಪೂರ್ತಿ ಬಿಸಿಗೆ, ರೇಡಿಯೇಟರ್ ಕ್ಯಾಪ್ ತೆರೆದೇ ಎಂಜಿನ್ ಐಡಲ್‌ನಲ್ಲಿ ಬಿಡಿ. ಗಾಳಿ ಹೊರಟು ಮಟ್ಟ ಇಳಿದಂತೆ ಮತ್ತೆ ಹಾಕಿ. ಫ್ಯಾನ್ ಎರಡು ಸಲ ತಾನಾಗಿ ಓಡಿ ನಿಂತ ಮೇಲೆ ಕ್ಯಾಪ್ ಮುಚ್ಚಿ.