ಟಾರಿಗಿಂತ ಮೊದಲು ಕಣಿ ಕೇಳಿ

ಮೇ ತಿಂಗಳಲ್ಲಿ ಹಾಕಿದ ಟಾರು ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವುದರೊಳಗೆ ಎದ್ದು ಹೋಗುವುದನ್ನು ನಮ್ಮ ಕಾಸರಗೋಡಿನಲ್ಲಿ ನೋಡದವರು ಯಾರಿದ್ದಾರೆ? ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಅಷ್ಟು ನೀರಿಗೆ ದಾರಿ ಇಲ್ಲದಿದ್ದರೆ ಅದು ರಸ್ತೆಯನ್ನೇ ಹಿಡಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಅಡಿಯ ಮಣ್ಣನ್ನು ಮೆತ್ತಗೆ ಮಾಡುತ್ತದೆ, ಮೇಲೆ ಟಿಪ್ಪರ್ ಹೋದಾಗ ಜಲ್ಲಿ ಕದಲುತ್ತದೆ, ಆಮೇಲೆ ಗುಂಡಿ. ಹಾಗಾಗಿ ಪಂಚಾಯತಿನಲ್ಲಿ ಟಾರು ಕೇಳುವ ಮೊದಲು ಕಣಿ, ಅಂದರೆ ರಸ್ತೆ ಬದಿಯ ಚರಂಡಿ, ಕೇಳಬೇಕು. ಹೇಗೆ ಅಂತ ಹೇಳುತ್ತೇನೆ.

ಮಳೆಯಲ್ಲೇ ನೋಡಿ

ಜೋರು ಮಳೆ ಬರುವಾಗ ಕೊಡೆ ಹಿಡಿದು ರಸ್ತೆಯ ಉದ್ದಕ್ಕೂ ನಡೆಯಿರಿ. ಬಿಸಿಲಲ್ಲಿ ತೆಗೆದ ಫೋಟೋದಲ್ಲಿ ಗುಂಡಿ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಹತ್ತಿರದ ತಿರುವಿನಲ್ಲಿ ನಾನು ಹೀಗೇ ನಿಂತಿದ್ದೆ. ಗುಡ್ಡೆಯಿಂದ ಕೆಂಪು ನೀರು ಕಣಿಯಲ್ಲೇ ಸರಿಯಾಗಿ ಇಳಿದು ಬರುತ್ತಿತ್ತು. ಒಂದು ಗೇಟಿನ ಎದುರು ನಿಂತುಬಿಟ್ಟಿತು. ಅಲ್ಲಿ ಕಣಿಗೆ ಮಣ್ಣು ತುಂಬಿಸಿ, ಅಡಿಯಲ್ಲಿ ನಾಲ್ಕು ಇಂಚಿನ ಪಿವಿಸಿ ಪೈಪ್ ಇಟ್ಟಿದ್ದರು. ಪೈಪಿನ ಬಾಯಿಗೆ ಒಂದು ತೆಂಗಿನ ಸಿಪ್ಪೆ, ಎರಡು ಅಡಿಕೆ ಹಾಳೆ ಸಿಕ್ಕಿಕೊಂಡಿದ್ದವು. ಅಷ್ಟೇ. ನೀರು ರಸ್ತೆಗೆ ಹಾರಿ, ಕೆಳಗಿನ ಮೋರಿಯವರೆಗೆ (ರಸ್ತೆಯ ಅಡಿಯಲ್ಲಿ ನೀರು ದಾಟುವ ಜಾಗ) ಟಾರಿನ ಅಂಚನ್ನು ಕೊರೆಯುತ್ತಾ ಹೋಯಿತು. ಆ ಮನೆಯವರ ಹತ್ತಿರ ನಾವು ಮೂರ್ನಾಲ್ಕು ಮಂದಿ ಹೋಗಿ ಮಾತನಾಡಿದೆವು, ವೀಡಿಯೋ ತೋರಿಸಿದೆವು. ಮಣ್ಣು ತೆಗೆಸಿ ಮೇಲೆ ಸ್ಲ್ಯಾಬ್ ಹಾಕಿಸಿದರು. ಅದಕ್ಕೆ ಯಾವ ಫಂಡೂ ಬೇಕಾಗಲಿಲ್ಲ.

ಎಲ್ಲಾ ಕಡೆ ಇಷ್ಟು ಸುಲಭ ಅಲ್ಲ, ಗೊತ್ತು. ಆದರೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ನೀರು ಎಲ್ಲಿ ರಸ್ತೆಗೆ ಬರುತ್ತದೆ, ಕಣಿ ಎಷ್ಟು ಮೀಟರ್ ಬೇಕು, ಮೋರಿ ಎಲ್ಲಿದೆ, ಮತ್ತು ಕೊನೆಗೆ ಯಾವ ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರುತ್ತದೆ. ಈ ಕೊನೆಯದು ಬಹಳ ಮುಖ್ಯ. ಕಣಿಯ ನೀರು ಯಾರದೋ ಅಡಿಕೆ ತೋಟಕ್ಕೆ ನುಗ್ಗುವ ಹಾಗಿದ್ದರೆ ಕೆಲಸ ಅರ್ಧದಲ್ಲೇ ನಿಲ್ಲುತ್ತದೆ, ಬಂದ ಹಣವೂ ವಾಪಸ್ ಹೋಗಬಹುದು. ಅವರ ಹತ್ತಿರ ಮೊದಲೇ ಮಾತನಾಡಿ, ಒಪ್ಪಿಗೆಯನ್ನು ಬರೆಸಿಕೊಳ್ಳಿ.

ರಸ್ತೆ ಯಾರದ್ದು?

ಲೋಕೋಪಯೋಗಿ ಇಲಾಖೆಯ ರಸ್ತೆಯಾದರೆ ಪಂಚಾಯತಿಗೆ ಅಲೆದು ಪ್ರಯೋಜನ ಇಲ್ಲ. ಅದಕ್ಕೆ 2021ರಲ್ಲಿ ಬಂದ ಪಿಡಬ್ಲ್ಯುಡಿ ಫೋರ್ ಯು ಆ್ಯಪ್ ಇದೆ, ಫೋಟೋ ಹಾಕಿ ದೂರು ಕೊಡಬಹುದು. ಪಂಚಾಯತಿನ ರಸ್ತೆಯಾದರೆ ಆಸ್ತಿ ರಿಜಿಸ್ಟರಿನಲ್ಲಿ ಇದೆಯಾ ಅಂತ ಆಫೀಸಿನಲ್ಲಿ ಕೇಳಿ ನೋಡಿ. ಅದರಲ್ಲಿ ಇಲ್ಲದ ರಸ್ತೆಗೆ ನಿರ್ವಹಣಾ ನಿಧಿ ಸಿಗುವುದು ಕಷ್ಟ. ಎಷ್ಟೋ ಕಡೆ ಹತ್ತಾರು ಮನೆಯವರು ನಡೆಯುವ ರಸ್ತೆ ಕಾಗದದಲ್ಲಿ ಇನ್ನೂ ಖಾಸಗಿ ಜಾಗ. ಜಾಗದವರು ಪಂಚಾಯತಿಗೆ ಬರೆದುಕೊಟ್ಟ ಮೇಲೆಯೇ ಮುಂದಿನ ಮಾತು.

ಹಣ ಎಲ್ಲಿಂದ?

ಸಣ್ಣ ಕೆಲಸಕ್ಕೆ ಪಂಚಾಯತಿನ ಯೋಜನಾ ನಿಧಿ ಮತ್ತು ನಿರ್ವಹಣಾ ನಿಧಿಯ ರಸ್ತೆ ಪಾಲು ಸಾಕು. ದೊಡ್ಡದಾದರೆ ಬ್ಲಾಕ್ ಪಂಚಾಯತು, ಜಿಲ್ಲಾ ಪಂಚಾಯತು, ಶಾಸಕರ ನಿಧಿ. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ಇದೆ, ಆದರೆ ಅದು ಇಡೀ ಕ್ಷೇತ್ರಕ್ಕೆ ಹಂಚಿ ಹೋಗುವ ಹಣ. ಜಿಲ್ಲೆಯ ಅಭಿವೃದ್ಧಿಗೆ ಏನು ಬೇಕು ಅಂತ ನೋಡಿದ ಪ್ರಭಾಕರನ್ ಆಯೋಗದ 2012ರ ವರದಿಯಿಂದ ಹುಟ್ಟಿದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜನ್ನೂ ಮರೆಯಬೇಡಿ. ಉಪ್ಪಳ, ಕುಂಬಳೆ, ಬದಿಯಡ್ಕದಂಥ ಪೇಟೆಗಳಲ್ಲಿ ಚರಂಡಿಯನ್ನು ತುಂಡು ತುಂಡಾಗಿ ಮಾಡಿದರೆ ಒಂದು ಅಂಗಡಿಯ ಎದುರಿನ ನೀರು ಇನ್ನೊಂದು ಅಂಗಡಿಯ ಎದುರು ನಿಲ್ಲುತ್ತದೆ. ತೋಡಿನವರೆಗೆ ಒಂದೇ ಎಸ್ಟಿಮೇಟ್ ಕೇಳಿ, ವ್ಯಾಪಾರಿಗಳೆಲ್ಲ ಸೇರಿ ಸಹಿ ಹಾಕಿ.

ಕನ್ನಡದಲ್ಲೇ ಬರೆಯಿರಿ

ಮಲಯಾಳ ಬರೆಯಲು ಬರುವುದಿಲ್ಲ ಅಂತ ಎಷ್ಟೋ ಮಂದಿ ಅರ್ಜಿಯನ್ನೇ ಕೊಡುವುದಿಲ್ಲ. ನನಗೆ ತುಂಬಾ ಬೇಸರ ಆಗುವುದು ಇದಕ್ಕೇ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಇದೆ. ಧೈರ್ಯವಾಗಿ ಬರೆಯಿರಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲ್ ಹಾಕಿಸಿಕೊಳ್ಳಿ.

ನಂತರ ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಇರಬೇಕು. ಸುಮ್ನೆ ಹೋಗಿ ಸಹಿ ಹಾಕಿ ಚಾ ಕುಡಿದು ಬಂದರೆ ಆಗಲಿಲ್ಲ. ಎದ್ದು ನಿಂತು ಕಣಿಯ ಉದ್ದ, ಜಾಗ ಹೇಳಿ, ಮಿನಿಟ್ಸ್ ಪುಸ್ತಕದಲ್ಲಿ ಬರೆಯುವವರೆಗೆ ಕೂರಬೇಡಿ. ಏಪ್ರಿಲ್‌ನಿಂದ ಹೊಸ ವರ್ಷದ ಲೆಕ್ಕ ಶುರುವಾಗುತ್ತದೆ, ಅಲ್ವಾ? ಅದಕ್ಕೆ ಮುಂಚಿನ ಯೋಜನಾ ಗ್ರಾಮಸಭೆಯನ್ನು ಬಿಟ್ಟರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.

ಕೆಲಸ ನಡೆಯುವಾಗ

ಕಣಿಯ ಅಡಿ ಕಾಂಕ್ರೀಟ್ ಆದ ಮೇಲೆ ಮೇಲಿನಿಂದ ಎರಡು ಕೊಡ ನೀರು ಸುರಿದು ನೋಡಿ. ನಿಂತರೆ ಓವರ್‌ಸಿಯರ್‌ಗೆ ಅವತ್ತೇ ಹೇಳಿ. ಟಾರು ಹಾಕುವಾಗ ಮೂರು ಮೀಟರ್ ಅಗಲದ ರಸ್ತೆಯ ನಡುಭಾಗ ಅಂಚಿಗಿಂತ ಸುಮಾರು 4 ಸೆಂಟಿಮೀಟರ್ ಎತ್ತರ ಇರಬೇಕು. ಒಂದು ಹಗ್ಗ, ಒಂದು ಸ್ಕೇಲ್ ಇದ್ದರೆ ಅಳೆಯಬಹುದು. ಎಸ್ಟಿಮೇಟ್ ತೋರಿಸದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಗುತ್ತಿಗೆದಾರ ಎಷ್ಟು ಸಮಯದವರೆಗೆ ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಬೇಕು ಅನ್ನುವುದನ್ನೂ ಅದರಲ್ಲೇ ಕೇಳಿ.

ಕಣಿ ಆದ ಮೇಲೆ ಪ್ರತಿ ವರ್ಷ ಪತ್ತನಾಜೆಗೆ (ಮೇ ಕೊನೆಗೆ, ಮಳೆಗಾಲಕ್ಕೆ ಮುಂಚೆ ಬರುವ ತುಳುವರ ದಿನ) ಮೊದಲಿನ ಆದಿತ್ಯವಾರ ನಾಲ್ಕು ಮನೆಯವರು ಹಾರೆ ಹಿಡಿದು ಬನ್ನಿ. ಮೋರಿಯ ಬಾಯಿಯಿಂದ ಶುರು ಮಾಡಿ, ಅಡಿಕೆ ಹಾಳೆಗಳು ಜಾಸ್ತಿ ಸೇರಿಕೊಳ್ಳುವುದು ಅಲ್ಲೇ.